ಒಂಬತ್ತನೆಯ ವೈರು

ಓಣಿಯಲ್ಲಿ ಎಲ್ಲರೂ ಆಕೆಯನ್ನು ಕರೆಯುವುದು ಚೀಟಿ ಮೇಡಂ ಎಂದೇ. ಮೂವತ್ತೊಂದು ವರ್ಷ ಕಾಲೇಜಿನ ರಸಾಯನಶಾಸ್ತ್ರದ ಲ್ಯಾಬಿನಲ್ಲಿ ಸಹಾಯಕಿಯಾಗಿದ್ದವರು. ಬಾಟಲಿಗೆ ಚೀಟಿ ಅಂಟಿಸುವುದು, ಅದರ ಮೇಲೆ ಮೇಣ ಸವರುವುದು, 'ಸುರಿಯುವಾಗ ಚೀಟಿ ಅಂಗೈ ಕಡೆಗಿರಲಿ, ಇಲ್ಲದಿದ್ದರೆ ಹನಿ ಇಳಿದು ಹೆಸರು ಅಳಿಸಿಹೋಗುತ್ತದೆ' ಎಂದು ಹೊಸಬರಿಗೆ ಗದರುವುದು, ಇದರಲ್ಲೇ ತಲೆ ನರೆಯಿತು. ನಿವೃತ್ತಿಯಾದ ಮೇಲೆ ಅಭ್ಯಾಸ ಅಡುಗೆಮನೆಗೆ ಇಳಿಯಿತು. ಉಪ್ಪಿನ ಡಬ್ಬಿಗೂ ಹೆಸರು, ತಾರೀಖು, ಸಹಿ.

"ಇನ್ನು ನನ್ನ ಬೆನ್ನಿಗೊಂದು ಅಂಟಿಸೋದು ಬಾಕಿ" ಎಂದಿದ್ದರು ಯಜಮಾನರು. ಬಸ್ಸು ಓಡಿಸಿ ನಿವೃತ್ತರಾದವರು.

"ಅಂಟಿಸ್ತಿದ್ದೆ. ಏನಂತ ಬರೀಬೇಕು ಅಂತಾನೇ ಹೊಳೀಲಿಲ್ಲ."

ಲ್ಯಾಬಿನಿಂದ ಇನ್ನೊಂದು ನಿಯಮವೂ ಮನೆಗೆ ಬಂದಿತ್ತು: ಚೀಟಿ ಇಲ್ಲದ್ದನ್ನು ನಂಬಬಾರದು, ಎಸೆದುಬಿಡಬೇಕು. ಮಹಡಿಯ ಮೇಲಿರುವ ಅಕ್ಕನ ಜೊತೆ ಮಾತು ಕಡಿದುಹೋಗಿದ್ದು ಈ ನಿಯಮದಿಂದಲೇ. ಅಕ್ಕ ಎಂದರೆ ಯಜಮಾನರ ಅಣ್ಣನ ಹೆಂಡತಿ, ವೃತ್ತಿಯಲ್ಲಿ ದರ್ಜಿ. ಮೂರು ವರ್ಷದ ಹಿಂದೆ, ಎರಡು ಮನೆಗೂ ಒಂದೇ ಅಡುಗೆಮನೆ ಇದ್ದಾಗ, ಬಟ್ಟೆಗೆ ಬಣ್ಣ ಹಾಕಲೆಂದು ಎಂಟು ತಿಂಗಳು ಹೂವಿನ ಎಸಳು ಒಣಗಿಸಿ ಪುಡಿ ಮಾಡಿ ಒಂದು ಡಬ್ಬಿಯಲ್ಲಿ ಇಟ್ಟಿದ್ದರು. ಡಬ್ಬಿಗೆ ಚೀಟಿ ಇರಲಿಲ್ಲ. ಮೇಡಂ ಸುರಿದೇಬಿಟ್ಟರು. ಎರಡು ದಿನ ಮೋರಿ ಹಳದಿಯಾಗಿ ಹರಿಯಿತು. ಅಕ್ಕ ಅದನ್ನು ನೋಡುತ್ತ ನಿಂತು, "ನಿನ್ನ ಕಣ್ಣಿಗೆ ಚೀಟಿ ಇಲ್ಲದ್ದೆಲ್ಲ ಕಸ ಕಣೇ" ಎಂದು ಮಹಡಿ ಹತ್ತಿದವರು ಅಲ್ಲೇ ಒಲೆ ಹೂಡಿದರು.

ಅಂದಿನಿಂದ ಮೆಟ್ಟಿಲೇ ಅವರ ಅಂಚೆ ಕಚೇರಿ. ಮೇಡಂ ಮೂರನೇ ಮೆಟ್ಟಿಲ ಮೇಲೆ ಚೀಟಿ ಇಡುತ್ತಾರೆ: 'ಮೋಟರ್ ಹಾಕಿದೆ, ನೀರು ಹಿಡಿದುಕೊಳ್ಳಿ.' ಅಕ್ಕ ಬಟ್ಟೆಗೆ ಗೆರೆ ಎಳೆಯುವ ಸೀಮೆಸುಣ್ಣದಿಂದ ಪಕ್ಕದಲ್ಲಿ ಒಂದು ಗೀಟು ಹಾಕುತ್ತಾರೆ. ನೋಡಿದೆ ಎಂದರ್ಥ. ಮೇಡಂಗೆ ಅದಷ್ಟೇ ಸಾಲದು. ಮೇಲಿನಿಂದ ಮತ್ತೆ ಒಂದು ಸಲ "ಬಾರೇ" ಎಂಬ ಕರೆ ಬರಬೇಕು. ಬಾಯಿ ಬಿಟ್ಟು ಕೇಳಲು ಮಾತ್ರ ನಾಲಿಗೆ ಏಳದು.

ಹೀಗಿರುವಾಗ ಒಂದು ಸೋಮವಾರ ಯಜಮಾನರು ಗಡ್ಡದ ಮಿಷಿನ್ನು ಚಾರ್ಜಿಗೆ ಹಾಕಲು ಇಂಟರ್ನೆಟ್ ರೌಟರಿನ ಪ್ಲಗ್ಗನ್ನೇ ಕಿತ್ತರು. ಆ ತಿಂಗಳಲ್ಲಿ ಅದು ಮೂರನೇ ಸಲ. ಮೇಡಂ ಎದ್ದು ಅದನ್ನು ಮತ್ತೆ ಚುಚ್ಚಿ, ಕತ್ತರಿ, ಬಿಳಿ ಕಾಗದ, ಅಂಟುಪಟ್ಟಿ, ಕಪ್ಪು ಪೆನ್ನು ತಂದರು.

"ಇವತ್ತು ಈ ಹಾವಿನ ಹುತ್ತಕ್ಕೆ ಒಂದು ಗತಿ ಕಾಣಿಸ್ತೀನಿ. ನೀವು ಹೋಗಿ ಕ್ಷೌರ ಮಾಡಿಸ್ಕೊಂಡು ಬನ್ನಿ."

"ಅದನ್ನೆಲ್ಲ ಯಾಕೆ ಕೆದಕ್ತೀಯ? ನಡೀತಾ ಇದೆಯಲ್ಲ" ಎಂದು ಯಜಮಾನರು ಎರಡು ಸಲ ಹೇಳಿ, ಮೂರನೇ ಸಲ ಹೇಳುವ ಧೈರ್ಯವಿಲ್ಲದೆ ಹೊರಟರು.

ಮೇಜಿನ ಕೆಳಗೆ ಎರಡು ಪೆಟ್ಟಿಗೆಗಳು. ಒಂದು ರೌಟರ್, ಇನ್ನೊಂದು ಅದರಿಂದ ಬಂದದ್ದನ್ನು ಹಲವು ವೈರುಗಳಿಗೆ ಹಂಚುವುದು. ಸುತ್ತಲೂ ಒಂಬತ್ತು ವೈರು, ಎಣ್ಣೆ ಕಾಣದ ಜಡೆಯ ಹಾಗೆ. ಮೇಡಂ ಒಂದನ್ನೂ ಕೀಳಲಿಲ್ಲ. ಒಂದು ತುದಿಯನ್ನು ಮೆಲ್ಲಗೆ ಜಗ್ಗುವುದು, ಅಲುಗಿದ್ದನ್ನು ಬೆರಳಲ್ಲಿ ಹಿಡಿದು ಹಿಂಬಾಲಿಸುವುದು, ಇನ್ನೊಂದು ತುದಿ ಸಿಕ್ಕ ಮೇಲೆ ಎರಡೂ ಕಡೆ ಪುಟ್ಟ ಬಾವುಟದಂತೆ ಚೀಟಿ ಮಡಚಿ ಅಂಟಿಸುವುದು. ಪ್ರತಿ ತುದಿಯಲ್ಲಿ ಬರೆಯಬೇಕಾದದ್ದು ಅದರ ಎದುರು ತುದಿಯ ಹೆಸರು. ಈ ಕಡೆ ನೋಡಿದರೆ ಆ ಕಡೆ ಏನಿದೆ ಎಂದು ತಿಳಿಯಬೇಕು. ಹೊರಗಿನ ಲೈನು, ಟೀವಿ, ಕಂಪ್ಯೂಟರ್, ಪ್ರಿಂಟರ್, ಗೇಟಿನ ಕ್ಯಾಮರಾ, ಫೋನು. ಆರು ಮುಗಿದವು. ಏಳು, ಎಂಟರ ಇನ್ನೊಂದು ತುದಿ ಗಾಳಿಯಲ್ಲಿ ತೂಗುತ್ತಿತ್ತು. ಯಜಮಾನರು 'ಎಂದಾದರೂ ಬೇಕಾಗುತ್ತೆ' ಎಂದು ಚುಚ್ಚಿಟ್ಟವು. ಅವನ್ನು ಕಿತ್ತು ಸುತ್ತಿಟ್ಟರು.

ಅಷ್ಟರಲ್ಲಿ ಹತ್ತು ಗಂಟೆ. ಮೇಲೆ ಅಕ್ಕನ ಹೊಲಿಗೆ ಕ್ಲಾಸು ಶುರುವಾಯಿತು. ಆರು ತಿಂಗಳಿಂದ ಫೋನಿನ ಪರದೆಯಲ್ಲಿ ಹನ್ನೊಂದು ಹೆಂಗಸರಿಗೆ ಕಲಿಸುತ್ತಿದ್ದಾರೆ. ಅವರ ದನಿಗೆ ತಾರಸಿ ಒಂದು ಲೆಕ್ಕವೇ ಅಲ್ಲ.

"ಕತ್ತರಿ ಮುಟ್ಟೋ ಮುಂಚೆ ಎರಡು ಸಲ ಅಳೀರಿ! ಬಟ್ಟೆ ಏನು ಕೂದಲಾ, ಕತ್ತರಿಸಿದ್ರೆ ಮತ್ತೆ ಬೆಳೆಯೋಕೆ?"

ಮೇಜಿನ ಕೆಳಗೆ ಮೇಡಂ ನಕ್ಕರು. ದಿನವೂ ಈ ಒಂದು ಗಂಟೆ ಅವರು ರೇಡಿಯೊ ಹಾಕುವುದಿಲ್ಲ.

ಒಂಬತ್ತನೆಯ ವೈರು ಬೀರುವಿನ ಹಿಂದಿನ ಹಳೆಯ ತೂತಿನಲ್ಲಿ ಮಾಯವಾಗಿತ್ತು. ಹಿಂದೆ ಟೀವಿ ಆಂಟೆನಾದ ವೈರು ಬರುತ್ತಿದ್ದ ತೂತು ಅದು. ಜಗ್ಗಿದರೆ ಅಲುಗಲಿಲ್ಲ. ಪೆಟ್ಟಿಗೆಯಲ್ಲಿ ಅದರ ದೀಪವೂ ಕಾಣಲಿಲ್ಲ. ಹೆಸರಿಲ್ಲ, ದೀಪವಿಲ್ಲ, ತುದಿಯಿಲ್ಲ. ನಿಯಮ ನಿಯಮವೇ. ಕಿತ್ತರು.

"ಎಲ್ಲರೂ ರವಿಕೆ ಕೊರಳಿನ ಗೆರೆ ಮೇಲೆ ಕತ್ತರಿ ಇಡಿ. ಈಗ... ಹಲೋ? ಹಲೋ? ಇದೇನ್ರೇ, ಎಲ್ಲರೂ ಕಲ್ಲಾಗಿಬಿಟ್ರಿ!"

ಮೇಡಂ ಕೈಯಲ್ಲಿದ್ದ ವೈರನ್ನು ನೋಡಿದರು, ತಾರಸಿಯನ್ನು ನೋಡಿದರು. ಪೆಟ್ಟಿಗೆಯ ಮೇಲೆ ಬೆರಳಾಡಿಸಿದಾಗ ಏನೋ ಮೆತ್ತಗೆ ತಗುಲಿತು. ದೀಪದ ಮೇಲೆ ಸಾಸಿವೆಯಷ್ಟು ಕಪ್ಪು ಟೇಪು! ಅದನ್ನು ಉಗುರಲ್ಲಿ ಎಬ್ಬಿಸಿ ವೈರು ಚುಚ್ಚಿದರು. ದೀಪ ಹಸಿರಾಗಿ ಮಿಟುಕಿತು. ಮೇಲಿನಿಂದ, "ಹಾಂ, ಜೀವ ಬಂತಾ?"

ಬೇರೆ ಯಾರಾದರೂ ಅಲ್ಲಿಗೆ ನಿಲ್ಲಿಸುತ್ತಿದ್ದರು. ಆದರೆ ಒಂದು ಸಲ ಬಂದ ಫಲಿತಾಂಶವನ್ನು ಲ್ಯಾಬಿನವರು ಫಲಿತಾಂಶ ಎನ್ನುವುದಿಲ್ಲ. ಮೇಡಂ ಮತ್ತೆ ಕಿತ್ತರು.

"ಅಯ್ಯೋ, ಮತ್ತೆ ಕಲ್ಲಾದ್ರಲ್ಲ!"

ಚುಚ್ಚಿದರು. ಮೂರನೇ ಸಲಕ್ಕೆ ಕೈ ಹೋಗಿತ್ತು, ಹನ್ನೊಂದು ಕತ್ತರಿಗಳು ನೆನಪಾಗಿ ಹಿಂದಕ್ಕೆ ಎಳೆದುಕೊಂಡರು.

ಆ ಹೊತ್ತಿಗೆ ಯಜಮಾನರು ನುಣ್ಣನೆಯ ಗಲ್ಲದೊಂದಿಗೆ ಒಳಗೆ ಬಂದು, ಹೆಂಡತಿಯ ಬೆರಳ ತುದಿಯಲ್ಲಿ ಅಂಟಿದ್ದ ಟೇಪನ್ನು ಕಂಡು, ಬಾಗಿಲಲ್ಲೇ ಬ್ರೇಕು ಹಾಕಿದರು.

"ರೀ, ಇದು ಯಾರ ಕೆಲಸ?"

"ಇಂಟರ್ನೆಟ್ ಕಂಪನಿಯವರು ಅತ್ತಿಗೇನ ಇವತ್ತು ನಾಳೆ ಅಂತ ಅಲೆಸ್ತಾ ಇದ್ರು ಕಣೇ. ಕ್ಲಾಸು ನಿಂತುಹೋಗ್ತಿತ್ತು. ಅವರ ವೈಫೈ ಪೆಟ್ಟಿಗೆಗೆ ನಮ್ಮ ಲೈನಿಂದ ನಾನೇ ವೈರು ಎಳೆದುಕೊಟ್ಟೆ. ನಿನಗೆ ಹೇಳಿದ್ರೆ ನೀನು ಬೇಡ ಅಂತೀಯೇನೋ ಅಂತ ದೀಪ ಮುಚ್ಚಿಟ್ಟೆ..."

"ಬೇಡ ಅಂತಿದ್ನಾ ನಾನು?"

ಯಜಮಾನರ ಕಣ್ಣು ಕಿಟಕಿಯಾಚೆಯ ಮೋರಿಯ ಕಡೆ ಹೋಯಿತು. ಅದು ಆಕೆಗೆ ಚುಚ್ಚಿತು.

ಸುಮ್ಮನಿದ್ದರೆ ಸರಿಹೋಗುತ್ತಿತ್ತು. ಅಕ್ಕ ಕಂಪನಿಯವರನ್ನು ಬೈದು ಮರೆಯುತ್ತಿದ್ದರು. ಆದರೆ ಒಂಬತ್ತನೆಯ ವೈರಿಗೆ ಚೀಟಿ ಆಗಬೇಕಿತ್ತು. ಇಲ್ಲದಿದ್ದರೆ ಇನ್ನೊಂದು ದಿನ ಇನ್ನೊಂದು ಕೈ ಕೀಳುತ್ತದೆ. ಆ ತುದಿಯಲ್ಲಿ ಏನಿದೆ ಎಂದು ಕೇಳದೆ ಚೀಟಿ ಬರೆಯುವುದೂ, ಕೇಳದೆ ಎಸೆಯುವುದೂ ಒಂದೇ ಜಾತಿಯ ತಪ್ಪು. ಹನ್ನೊಂದು ಹೊಡೆದು ಕ್ಲಾಸು ಮುಗಿದದ್ದೇ, ಮೇಡಂ ಪೆನ್ನು ಹಿಡಿದು ಮೂರನೇ ಮೆಟ್ಟಿಲು ದಾಟಿದರು. ಮೂರು ವರ್ಷದಲ್ಲಿ ಮೊದಲ ಸಲ.

ಅಕ್ಕ ಕೊರಳಿಗೆ ಅಳತೆಪಟ್ಟಿ ಹಾಕಿಕೊಂಡು ಚಿಂದಿ ಆಯುತ್ತಿದ್ದರು. ತಲೆ ಎತ್ತಿದರು.

"ಮೋಟರ್ ಹಾಕಿದ ಚೀಟಿ ಕೊಡೋಕೆ ಇಲ್ಲಿ ತನಕ ಬಂದ್ಯಾ?"

"ಅಲ್ಲ ಅಕ್ಕ. ನಿಮ್ಮ ಕ್ಲಾಸು ಎರಡು ಸಲ ನಿಂತಿತಲ್ಲ, ಕಿತ್ತವಳು ನಾನು."

"ಎರಡು ಸಲವೂ?"

"ಒಂದು ಸಲ ತಪ್ಪಿ. ಇನ್ನೊಂದು ಸಲ ಖಾತ್ರಿ ಮಾಡ್ಕೊಳ್ಳೋಕೆ."

ಅಕ್ಕ ಕತ್ತರಿ ಕೆಳಗಿಟ್ಟರು. ತುಟಿ ಬಿಗಿಹಿಡಿದರು, ಆಗಲಿಲ್ಲ, ನಕ್ಕೇಬಿಟ್ಟರು. "ಖಾತ್ರಿಯಂತೆ! ಅಲ್ಲೊಬ್ಬಳು ನಾನು 'ಈಗ' ಅಂದದ್ದೇ ಸಾಕು ಅಂತ ಕೊರಳನ್ನ ಹೊಕ್ಕುಳ ತನಕ ಕತ್ತರಿಸಿದ್ದಾಳೆ ಕಣೇ!"

ಮೇಡಂ ನಗಲಿಲ್ಲ. "ಹಳದಿ ಪುಡಿನೂ ಕೇಳದೆ ಚೆಲ್ಲಿದ್ದು ತಪ್ಪು, ಅಕ್ಕ. ಮೂರು ವರ್ಷದಿಂದ ಗೊತ್ತು."

ಅಕ್ಕ ಅಳತೆಪಟ್ಟಿಯನ್ನು ಬೆರಳಿಗೆ ಸುತ್ತಿದರು, ಬಿಚ್ಚಿದರು. "ದಿನಾ ಚೀಟಿ ಬರೀತಿದ್ದೆಯಲ್ಲ. ಇದನ್ನೂ ಒಂದರಲ್ಲಿ ಬರೆಯೋಕೆ ಏನಾಗಿತ್ತು?"

"ಚೀಟಿಗೆ ಹಿಡಿಸ್ಲಿಲ್ಲ."

ಅಕ್ಕ ಚಿಂದಿಯನ್ನು ಪಕ್ಕಕ್ಕೆ ಸರಿಸಿ ಜಾಗ ಮಾಡಿದರು. "ಹೊಸ್ತಿಲಲ್ಲೇ ಯಾಕೆ ನಿಂತಿದ್ದೀ? ಒಳಗೆ ಬಾರೇ."

ಕಾಗದದ ಚೀಟಿಯನ್ನು ಅಕ್ಕ ಒಪ್ಪಲಿಲ್ಲ. "ಬೀಳುತ್ತೆ, ಒದ್ದೆಯಾಗುತ್ತೆ" ಎಂದು ಎರಡು ಬಿಳಿ ಬಟ್ಟೆಯ ತುಂಡು ಕತ್ತರಿಸಿ, ಮೇಡಂ ಬರೆದ ಅಕ್ಷರದ ಮೇಲೆ ನೀಲಿ ದಾರ ಓಡಿಸಿದರು. ಎದುರು ತುದಿಯ ಹೆಸರು ಬರೆಯುವ ಪದ್ಧತಿಯಂತೆ ಕೆಳಗಿನ ತುದಿಗೆ 'ಅಕ್ಕ' ಎಂದಾಯಿತು, ಮೇಲಿನ ತುದಿಗೆ 'ತಂಗಿ'.

ಯಜಮಾನರು ಮೇಜಿನ ಕೆಳಗೆ ಬಗ್ಗಿ ಓದಿದರು. "ವೈರು ಎಳೆದವನು ನಾನು. ನನ್ನ ಹೆಸರೇ ಇಲ್ವಲ್ಲ!"

ಮರುದಿನ ಬೆಳಿಗ್ಗೆ ಅವರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಪೇಪರು ತರಲು ಹೋದರು. ದಾರಿಯುದ್ದಕ್ಕೂ ಎದುರಾದವರು ಸುಮ್ಮನೆ ಹೋಗುತ್ತಿದ್ದರು, ದಾಟಿದ ಮೇಲೆ ಹಿಂದಿನಿಂದ ನಗುತ್ತಿದ್ದರು. ಕಾರಣ ತಿಳಿದದ್ದು ಮನೆಗೆ ಬಂದು ಅಂಗಿ ಕಳಚಿದಾಗ. ಬೆನ್ನಿನ ನಡುವೆ ನೀಲಿ ದಾರದಲ್ಲಿ ಹೊಲಿದ ಬಿಳಿ ಪಟ್ಟಿ: 'ಪರೀಕ್ಷಿಸಲಾಗಿದೆ. ಎಸೆಯಬಾರದು.' ಕೆಳಗೆ ತಾರೀಖು, ಎರಡು ಸಹಿ.