ತೊಳೆದು ಹೋದ ತುಕ್ಕು

ನಿನ್ನೆ ಬೆಳಿಗ್ಗೆ ನನ್ನ ಮೊಮ್ಮಗಳು ಬಲಗೈಯಲ್ಲಿ ಕುಂಚ ಹಿಡಿದಳು. ಹಿಡಿದು, ಆಟಿಕೆ ಗಾಡಿಯೊಂದರ ಮೈಮೇಲೆ ಅಕ್ಕಿಕಾಳಿನಷ್ಟು ಉದ್ದದ ಒಂದು ಗೆರೆ ಎಳೆದಳು. ಆಚೆಮನೆಗೆ ಹೋಗಿ ಹೇಳಿ ಬಂದೆ, ಮೀನಿನವಳಿಗೆ ಹೇಳಿದೆ, ಕರೆಂಟ್ ಮೀಟರ್ ನೋಡಲು ಬಂದವನಿಗೂ ಹೇಳಿದೆ. ಅವನು ಪಾಪ, ಏನೂ ತಿಳಿಯದೆ ತಲೆಯಾಡಿಸಿ ಹೋದ. ಇನ್ನು ಹೇಳಲು ಯಾರೂ ಸಿಗದೆ, ಅವಳದೇ ಹಳೆಯ ನೋಟ್‌ಬುಕ್ಕಿನ ಹಿಂದಿನ ಹಾಳೆಗಳಲ್ಲಿ ಬರೆಯುತ್ತಿದ್ದೇನೆ. ನಾನು ಓದಿದ್ದು ಮೂರನೇ ಇಯತ್ತೆ. ತಪ್ಪಿದ್ದರೆ ಓದುವವರೇ ಸರಿಮಾಡಿಕೊಳ್ಳಬೇಕು.

ನಮ್ಮ ಊರು ಮಂಕಿ. ಮಗ ಟೆಂಪೋ ಓಡಿಸುತ್ತಾನೆ, ಸೊಸೆ ಹೊಲಿಗೆ ಮಾಡುತ್ತಾಳೆ, ಮೊಮ್ಮಗಳು ಹೊನ್ನಾವರದ ಕಾಲೇಜಿಗೆ ಹೋಗುತ್ತಿದ್ದಳು. ಅವಳಿಗೊಂದು ಹುಚ್ಚು. ಬೇರೆ ಗ್ರಹದಲ್ಲಿ ಓಡುವ ಆರು ಚಕ್ರದ ಗಾಡಿ, ನಕ್ಷತ್ರದಿಂದ ನಕ್ಷತ್ರಕ್ಕೆ ಹಾರುವ ನೌಕೆ, ಇಂಥ ಇನ್ನೂ ಲೋಕದಲ್ಲಿ ಹುಟ್ಟದ ವಾಹನಗಳ ಆಟಿಕೆ ಕೂಡಿಹಾಕುವುದು. ಭಟ್ಕಳದ ಫಾರಿನ್ ಸಾಮಾನಿನ ಅಂಗಡಿಗಳಲ್ಲಿ ಹುಡುಕುವಳು, ಕುಮಟೆಯ ಗುಜರಿಯಲ್ಲೂ ಹುಡುಕುವಳು. ತಂದ ಮೇಲೆ ಮೊದಲ ಕೆಲಸವೇ ಹೊಳಪು ತೆಗೆಯುವುದು. “ಹೊಳೆಯೋ ಗಾಡಿ ಎಲ್ಲಿಗೂ ಹೋಗಿ ಬಂದದ್ದಲ್ಲ ಅಜ್ಜಿ” ಎನ್ನುವಳು. ಬಂದರಿಗೆ ಹೋಗಿ, ಬೋಟಿನ ಬೋಲ್ಟಿನ ಕೆಳಗೆ ತುಕ್ಕು ಹೇಗೆ ಇಳಿದಿದೆ ಎಂದು ನೋಡುತ್ತ ನಿಲ್ಲುವಳು. ಗೇರುಸೊಪ್ಪೆ ಕಡೆಯಿಂದ ಬರುವ ಲಾರಿಗಳ ಚಕ್ರದ ಹಿಂದೆ ಧೂಳು ಎಷ್ಟು ಎತ್ತರಕ್ಕೆ ಅಂಟಿದೆ ಎಂದು ಫೋಟೋ ತೆಗೆಯುವಳು. ಮನೆಗೆ ಬಂದು ಬಣ್ಣದ ಪುಡಿಯನ್ನು ಸಣ್ಣ ಕುಂಚದಲ್ಲಿ ಆಟಿಕೆಯ ಮೇಲೆ ಹಾಗೆಯೇ ಕೂರಿಸುವಳು. ನನಗೆ ಅದೆಲ್ಲ ಬರೀ ಕೊಳೆ.

ಕಳೆದ ನವರಾತ್ರಿಗೆ ನಾಲ್ಕು ದಿನ ಮುಂಚೆ ಹೆದ್ದಾರಿಯಲ್ಲಿ ಅವಳ ಸ್ಕೂಟಿ ಜಾರಿತು. ಬಲ ಮೊಣಕೈಯ ಹತ್ತಿರ ನರ ತುಂಡಾಯಿತು. ದೊಡ್ಡ ಆಸ್ಪತ್ರೆಯಲ್ಲಿ ನರ ಸೇರಿಸಿ ಹೊಲಿದರು. ಡಾಕ್ಟರು ಮಗನಿಗೆ ಹೇಳಿದ್ದು ಇಷ್ಟೇ: ಕೈಗೆ ಶಕ್ತಿ ಬಂದರೆ ಬಂತು, ಬರದೆಯೂ ಇರಬಹುದು.

ಮಗ, ಸೊಸೆ ಆಸ್ಪತ್ರೆಯಲ್ಲಿ. ಮನೆಯಲ್ಲಿ ನಾನೊಬ್ಬಳೇ. ಆಯುಧಪೂಜೆ ಬಂತು. ಪೂಜೆ ಬಿಡಲು ಮನಸ್ಸು ಬರಲಿಲ್ಲ, ಬಿಟ್ಟರೆ ಅವಳ ಕೈಗೇ ಏನಾದರೂ ಆದೀತು ಎಂಬ ಹೆದರಿಕೆ. ಪಂಪು ಒರೆಸಿದೆ, ಹೊಲಿಗೆಯಂತ್ರ ಒರೆಸಿದೆ, ಮುರಿದ ಸ್ಕೂಟಿಯನ್ನೂ ತೊಳೆದೆ. ಆಮೇಲೆ ಅವಳ ಕಪಾಟು ಕಣ್ಣಿಗೆ ಬಿತ್ತು. ಅವೂ ವಾಹನವೇ ತಾನೆ. ಎಲ್ಲ ಕೆಳಗಿಳಿಸಿ, ಬಿಸಿನೀರಿಗೆ ಸೋಪಿನ ಪುಡಿ ಹಾಕಿ, ತೆಂಗಿನ ನಾರಿನಿಂದ ಒಂದೊಂದನ್ನೂ ತಿಕ್ಕಿದೆ. ಬಕೆಟಿನ ನೀರು ಕೆಂಪಾಯಿತು. ಫಳಫಳ ಹೊಳೆದವು. ಸಾಲಾಗಿ ಇಟ್ಟು, ಕುಂಕುಮ ಹಚ್ಚಿ, ಹೂ ಇಟ್ಟು, ಕೈಮುಗಿದೆ. ಬಂದವಳು ನೋಡಿ ಖುಷಿಪಡುತ್ತಾಳೆ ಎಂದುಕೊಂಡಿದ್ದೆ.

ಅವಳು ಆಸ್ಪತ್ರೆಯಿಂದ ಕೈಯನ್ನು ಕುತ್ತಿಗೆಗೆ ಕಟ್ಟಿಕೊಂಡು ಬಂದಳು. ಕಪಾಟಿನ ಮುಂದೆ ನಿಂತಳು.

“ಅಜ್ಜಿ, ಇವಕ್ಕೆ ಎಂತ ಮಾಡ್ದೆ?”

“ತೊಳ್ದೆ ಮಗಾ. ಕೊಳೆ ಆಗಿತ್ತಲ್ಲ.”

“ಅದು ಕೊಳೆ ಅಲ್ಲ. ನಾ ಮಾಡಿದ್ದು.”

ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. ಗೋಡೆ ಕಡೆ ತಿರುಗಿ ಮಲಗಿದಳು. ಆ ಕೈ ಕೊನೆಯದಾಗಿ ಮಾಡಿದ ಕೆಲಸವನ್ನೆಲ್ಲ ನಾನು ಬಚ್ಚಲಿಗೆ ಚೆಲ್ಲಿದ್ದೆ. ಆ ದಿನದಿಂದ ಅವಳು ನಮ್ಮ ಜೊತೆ ಊಟಕ್ಕೆ ಕೂರಲಿಲ್ಲ. ಕೋಣೆಯಲ್ಲೇ ಎಡಗೈಲಿ ಚಮಚ ಹಿಡಿದು ತಿನ್ನುವಳು, ಬಾಗಿಲು ಹಾಕಿಕೊಂಡು.

ವಾರವಾರ ಕುಮಟೆಗೆ ಬಸ್ಸು. ಅಲ್ಲಿ ವ್ಯಾಯಾಮ ಮಾಡಿಸುವ ಡಾಕ್ಟರಮ್ಮ ಬೆರಳು ಮಡಚಿ ಬಿಡಿಸುವರು. ಮನೆಯಲ್ಲಿ ಬಟ್ಟೆಯ ಕ್ಲಿಪ್ಪು ಒತ್ತುವುದು, ಗೇರುಬೀಜ ಹೆಕ್ಕುವುದು. ಹೆಕ್ಕಲು ಆಗುತ್ತಿರಲಿಲ್ಲ. ತಟ್ಟೆಯಲ್ಲಿ ಹತ್ತು ಬೀಜ ಇಟ್ಟರೆ ಸಂಜೆಗೂ ಹತ್ತೇ. ತಿಂಗಳು ಕಳೆದವು. ಕೈ ಸಣ್ಣಗಾಯಿತು, ಚರ್ಮ ಒಣಗಿತು. ಸೊಸೆ ಅವಳ ಜಡೆ ಹಾಕುವಾಗ ಹಿಂದೆ ನಿಂತು ಅಳುವಳು, ಮುಂದಿನವಳಿಗೆ ಕಾಣದ ಹಾಗೆ. ನಾನು ದೇವರ ಹತ್ತಿರ ಕೇಳುವುದನ್ನೂ ಬಿಟ್ಟೆ. ಕೇಳಿ ಕೇಳಿ ನನಗೇ ನಾಚಿಕೆಯಾಗಿತ್ತು.

ಮಳೆ ಹಿಡಿಯುವ ಮುಂಚೆ ಒಂದು ದಿನ, ಹೋದ ಕೊಳೆಯನ್ನು ನಾನೇ ತಿರುಗಿ ಹಚ್ಚುತ್ತೇನೆ ಎಂದು ಒಂದು ಗಾಡಿಗೆ ಕೆಮ್ಮಣ್ಣು ಮೆತ್ತಿ, ಒಲೆಯ ಮಸಿ ಬಳಿದೆ. ಅವಳು ಬಾಗಿಲಲ್ಲಿ ನಿಂತು ನೋಡಿದಳು.

“ಎಂತ ಅದು? ಕೆಸರಲ್ಲಿ ಹೊರಳಿದ ಎಮ್ಮೆಯಾ?”

“ನಿನ್ ಗಾಡಿ.”

“ನನ್ ಗಾಡಿ ಹಾಂಗಿರ್ಲಿಲ್ಲ. ಸರಿ, ಕಲ್ಲುಪ್ಪು ತಗಂಬಾ.”

ಹೇಳಿಕೊಟ್ಟಳು. ಮೊದಲು ತುಕ್ಕಿನ ಬಣ್ಣ. ಒಣಗಿದ ಮೇಲೆ ನೀರು ಸವರಿ ಅಲ್ಲಲ್ಲಿ ಉಪ್ಪು ಅಂಟಿಸುವುದು. ಅದರ ಮೇಲೆ ಬಿಳಿ ಬಣ್ಣ. ಕೊನೆಗೆ ಉಪ್ಪು ಉಜ್ಜಿ ತೆಗೆದರೆ, ಅಲ್ಲೆಲ್ಲ ಬಣ್ಣ ಎದ್ದು ಒಳಗಿನ ತುಕ್ಕು ಕಾಣುತ್ತದೆ. ಜನ್ಮವಿಡೀ ಕೊಳೆ ತೆಗೆದವಳು ನಾನು. ಅದು ಯಾವ ಸಂದಿಯಲ್ಲಿ ಕೂರುತ್ತದೆ ಎಂದು ನನಗೆ ಯಾರೂ ಕಲಿಸಬೇಕಾಗಿರಲಿಲ್ಲ. ಅವಳೇ ಒಪ್ಪಿದಳು. ಆದರೆ ಅವಳ ಕೈ ಮಾತ್ರ ತೊಡೆಯ ಮೇಲೆ ಹಾಗೇ ಬಿದ್ದಿರುತ್ತಿತ್ತು.

“ನೀನೇ ನನ್ ಕೈ ಆದ್ರೆ ಆತು ಅಜ್ಜಿ. ಇದು ಇನ್ನು ಬರುದಿಲ್ಲ” ಎಂದಳು ಒಮ್ಮೆ. ನನ್ನ ಮನಸ್ಸಲ್ಲೂ ಅದೇ ಇತ್ತು.

ನಿನ್ನೆ ಆರು ಚಕ್ರದ ಗಾಡಿಗೆ ಬೋಲ್ಟಿನ ತುಕ್ಕು ಎಳೆಯುತ್ತಿದ್ದೆ. ನನ್ನ ಕಣ್ಣಿಗೆ ಪೊರೆ ಬಂದಿದೆ, ಗಾಡಿಯನ್ನು ತಲೆಕೆಳಗೆ ಹಿಡಿದದ್ದು ಗೊತ್ತಾಗಲಿಲ್ಲ.

“ಅಜ್ಜಿ, ತುಕ್ಕು ಮೇಲ್ ಹತ್ತುದಿಲ್ಲ.”

“ಆ ಗ್ರಹದಲ್ಲಿ ಹತ್ತುತ್ತೇನೋ. ನೀ ಹೋಗಿ ನೋಡಿದ್ಯಾ?”

“ಕೊಡು ಇಲ್ಲಿ” ಎಂದು ಸಿಟ್ಟಿನಿಂದ ಕುಂಚ ಕಿತ್ತುಕೊಂಡಳು. ಬಲಗೈಯಲ್ಲಿ. ಹೆಬ್ಬೆರಳು, ಪಕ್ಕದ ಎರಡು ಬೆರಳು, ನಡುವೆ ಕುಂಚ. ಇಬ್ಬರೂ ಅದನ್ನೇ ನೋಡಿದೆವು. ಅವಳು ಉಸಿರು ಹಿಡಿದು ಗೆರೆ ಎಳೆದಳು, ಸೊಟ್ಟಗೆ. ಕುಂಚ ಬಿತ್ತು. ಎರಡನೇ ಸಲ ಹಿಡಿಯಲಾಗಲಿಲ್ಲ. ಮೂರನೇ ಸಲ ಹಿಡಿದಳು.

ಕುಮಟೆಯ ಡಾಕ್ಟರಮ್ಮನಿಗೆ ಫೋನ್ ಮಾಡಿದೆವು. ಸಂತೋಷವೆಂದರು. ಆದರೆ ಇದು ಇಷ್ಟಕ್ಕೇ ನಿಲ್ಲಲೂಬಹುದು, ಉಳಿದೆರಡು ಬೆರಳಿನ ಆಸೆ ಇಟ್ಟುಕೊಳ್ಳಬೇಡಿ ಎಂದರು. ಆಯಿತು ಎಂದೆ. ಮೂರು ಬೆರಳು ಬಂದಾಗ ಎರಡರ ಲೆಕ್ಕ ಕೇಳುವಷ್ಟು ಧೈರ್ಯ ನನಗಿಲ್ಲ.

ಸಂಜೆ ಮಗ ಬೇಗ ಬಂದ. ಬಂಗಡೆ ಸಾರು ಮಾಡಿದ್ದೆ. ಬಡಿಸುವ ಹೊತ್ತಿಗೆ ಅವಳು ತನ್ನ ತಟ್ಟೆ ಹಿಡಿದು ಹೊರಗೆ ಬಂದು ಅಪ್ಪನ ಪಕ್ಕ ಕೂತಳು. ಚಮಚ ತಂದಿರಲಿಲ್ಲ. ಮೀನಿನ ಮುಳ್ಳು ನಾನೇ ಬಿಡಿಸಿ ಹಾಕಿದೆ. ಮೂರು ಬೆರಳಿನಲ್ಲಿ ಅನ್ನ ಕಲಸಿದಳು. ಬಾಯಿಗೆ ಹೋದದ್ದಕ್ಕಿಂತ ನೆಲಕ್ಕೆ ಬಿದ್ದದ್ದೇ ಹೆಚ್ಚು. ಯಾರೂ ಅವಳ ಕಡೆ ನೋಡಲಿಲ್ಲ. ಮಗ ಸುಮ್ಮನೆ ಮೂರು ಸಲ ಉಪ್ಪು ಕೇಳಿದ. ಸೊಸೆ ಬಿದ್ದ ಅನ್ನ ಒರೆಸಲು ಬಟ್ಟೆ ತೆಗೆದುಕೊಂಡಳು. ನಾನು ಸೊಸೆಯ ಕೈ ಹಿಡಿದೆ.

“ಇರ್ಲಿ ಬಿಡೆ, ತೊಳೂಕೆ ಹೋಗ್ಬೇಡ” ಎಂದೆ.

ಮೊಮ್ಮಗಳು ತಲೆ ಎತ್ತಿ ನನ್ನನ್ನೊಮ್ಮೆ ನೋಡಿದಳು. “ಅಜ್ಜಿ, ಇನ್ನೊಂಚೂರು ಸಾರು” ಎಂದಳು. ಬಡಿಸಿದೆ.