ಇನ್ನೊಂದ್ಸಲ ಅಕ್ಕ ಮತ್ತು ಮಂಕಾದ ಬಣ್ಣ

ಲ್ಯಾಬಿನಲ್ಲಿ ಹೊಳಪು ಅಳೆಯುವ ಮೆಷಿನ್ ನೋಡಿಕೊಳ್ಳಲು ಸಂಬಳಕ್ಕೆ ಸೇರಿದ ಹೊಸದರಲ್ಲಿ, ಇದನ್ನು ಬರೆಯುತ್ತಿರುವ ಜಾಣ ಒಮ್ಮೆ ಅಲ್ಲಿ ಪಿಎಚ್‌ಡಿ ಮಾಡುತ್ತಿದ್ದ ಅಕ್ಕನಿಗೆ ಸಮಾಧಾನ ಹೇಳಲು ಹೋಗಿದ್ದ. ಹಸಿರು ಬೆಳಕು ಬಿದ್ದರೆ ಕೆಂಡದಂತೆ ಹೊಳೆಯುತ್ತಿದ್ದ ಅವಳ ಗುಲಾಬಿ ಬಣ್ಣದ ದ್ರಾವಣ, ಕಾರ್ಬನ್ ನ್ಯಾನೋಟ್ಯೂಬ್ ಎಂಬ ಅತಿ ಸೂಕ್ಷ್ಮ ಕೊಳವೆಗಳ ಕಪ್ಪು ನೀರನ್ನು ಬೆರೆಸಿದೊಡನೆ ಮಂಕಾಗಿತ್ತು. "ಹೋಗ್ಲಿ ಬಿಡಿ ಅಕ್ಕ, ಕೆಟ್ಟೋಯ್ತು, ಬೇರೆ ಮಾಡಿದ್ರಾಯ್ತು" ಎಂದು ಚೆಲ್ಲಲು ಶೀಶೆಯನ್ನು ಎತ್ತಿಯೂ ಬಿಟ್ಟ.

"ಇಡಪ್ಪಾ ಕೆಳಗೆ," ಎಂದಳು ಅಕ್ಕ. "ಅದು ಮಂಕಾಗ್ಲಿ ಅಂತಾನೇ ಇಷ್ಟು ವರ್ಷ ಒದ್ದಾಡಿರೋದು. ಬಣ್ಣ ಬೆಳಕನ್ನ ನುಂಗಿ, ಆ ಶಕ್ತೀನ ಪಕ್ಕದ ಟ್ಯೂಬಿಗೆ ದಾಟಿಸುತ್ತೆ. ಆಗ ಟ್ಯೂಬ್ ಹೊಳೆಯುತ್ತೆ. ಆ ಹೊಳಪು ನಿನ್ನ ಕಣ್ಣಿಗೆ ಕಾಣಲ್ಲ, ನಿನ್ನ ಮೆಷಿನ್ನಿಗೆ ಕಾಣುತ್ತೆ. ಅದಕ್ಕೆ ನಿನಗಿಂತ ಬುದ್ಧಿ ಜಾಸ್ತಿ."

ಮಾತಿಗೊಮ್ಮೆ "ಇನ್ನೊಂದ್ಸಲ ನೋಡೋಣ" ಎನ್ನುವುದರಿಂದ ಅವಳಿಗೆ ಇನ್ನೊಂದ್ಸಲ ಅಕ್ಕ ಎಂದೇ ಹೆಸರು. ಇಬ್ಬರು ಮಕ್ಕಳಾದ ಮೇಲೆ ಮತ್ತೆ ಓದಲು ಬಂದವಳು. ಅಮ್ಮ ಡಾಕ್ಟರಾದರೆ ಸೂಜಿ ಚುಚ್ಚುತ್ತಾಳೆಂದು ಕಿರಿಯವನಿಗೆ ಭಯ. ಒಂದು ಕಾಲೇಜಿನ ಕೆಲಸ ಅವಳಿಗಾಗಿ ಕಾದಿತ್ತು. ಈ ಸಲ ಥೀಸಿಸ್ ಒಪ್ಪಿಸದಿದ್ದರೆ ಅದು ಬೇರೆಯವರ ಪಾಲು. ಅವಳ ಗೈಡ್ ಅಂತೂ ದೊಡ್ಡ ಸಭೆಯಲ್ಲಿ ನಿಂತು, ಶಕ್ತಿ ದಾಟಿದ್ದು ಖಚಿತವೆಂದು ಸಾರಿಬಿಟ್ಟಿದ್ದರು.

ಒಪ್ಪಿಸುವ ಹಿಂದಿನ ದಿನ ಅಕ್ಕ ಬಂದು ಮೆಷಿನ್ ಮುಂದೆ ಕುಳಿತಳು. ಮುಖ ಬಿಗಿದಿತ್ತು.

"ಬಣ್ಣ ಬೇಡ. ಬರೀ ಟ್ಯೂಬ್ ಹಾಕು, ಅಷ್ಟೇ ಪ್ರಮಾಣ. ಅದೇ ಹಸಿರು ಬೆಳಕು ಬಿಡು."

"ಈಗ ಯಾಕಕ್ಕ?"

"ಟ್ಯೂಬ್ ತಾನೇ ನೇರವಾಗಿ ಬೆಳಕು ಕುಡಿದು ಹೊಳೆದಿದ್ರೆ? ಬಣ್ಣಕ್ಕೆ ಪುಕ್ಕಟೆ ಹೆಸರು ಕೊಟ್ಟಂಗಾಗುತ್ತೆ. ಇದನ್ನ ಮೊದ್ಲೇ ನೋಡ್ಬೇಕಿತ್ತು."

ಅಷ್ಟರಲ್ಲಿ ಬಾಗಿಲಿಗೆ ಬಂದ ಗೈಡ್ ನಗಲು ನೋಡಿದರು. "ಏನಮ್ಮಾ, ಹೊಳೆ ದಾಟಿದ್ಮೇಲೆ ಆಳ ನೋಡ್ತಾ ಇದೀಯಾ?"

ಅಕ್ಕ ಪರದೆಯತ್ತ ಕೈ ತೋರಿಸಿದಳು. ಅಲ್ಲಿ ಟ್ಯೂಬಿನ ಹೊಳಪು ತೋರಿಸುವ ಗೆರೆ ಏಳತೊಡಗಿತ್ತು. ಕೆಳಗೇ ಇರು ಮಾರಾಯ ಎಂದು ಮೆಷಿನ್‌ನವನು ಒಳಗೊಳಗೇ ಅಂಗಲಾಚಿದ, ಗೆರೆಗೆ ಸಂಬಳ ಕೊಡುವವನು ತಾನೇ ಎಂಬಂತೆ. ಗೆರೆ ಕೇಳಲಿಲ್ಲ. ಏರಿ ಏರಿ, ಬಣ್ಣ ಸೇರಿಸಿದಾಗಿನ ಹಳೆಯ ಗೆರೆಯ ನೆತ್ತಿಗೇ ಹೋಗಿ ಕೂತಿತು. ಅಕ್ಕ ಶೀಶೆ ಬದಲಿಸಿದಳು. ಮತ್ತೂ ಅಷ್ಟೇ. ಬಣ್ಣ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಬಣ್ಣ ಕಳೆದುಕೊಂಡ ಶಕ್ತಿ ಎಲ್ಲಿ ಸೋರಿತ್ತೋ, ಟ್ಯೂಬಿನ ಹೊಳಪಿಗಂತೂ ಸೇರಿರಲಿಲ್ಲ.

ಗೈಡ್ ಅವರ ಧ್ವನಿ ತಗ್ಗಿತು. "ಹಾಗಾದ್ರೆ ಮೊನ್ನೆ ಅಷ್ಟು ಜನರ ಎದುರಿಗೆ ನಾನು ಹೇಳಿದ್ದೇನಮ್ಮಾ?"

"ತಪ್ಪು ಹೇಳಿದ್ರಿ ಸರ್. ನಾನು ಹೇಳ್ಕೊಟ್ಟಿದ್ದು."