ಹೆಡ್‌ಲೈಟಿನೊಳಗಿನ ಗಂಟುಗಳು

ಬೇಕರಿಯಲ್ಲಿ ಎಲ್ಲರೂ ಅವನನ್ನು ನಿಧಾನಿ ಎಂದೇ ಕರೆಯುತ್ತಿದ್ದರು. ಹಿಟ್ಟು ನಾದುವುದು ನಿಧಾನ, ಉಣ್ಣುವುದು ನಿಧಾನ, ಬೈಕಂತೂ ಸೈಕಲ್ಲಿನವರು ಬೆಲ್ ಹೊಡೆದು ದಾಟಿಹೋಗುವಷ್ಟು ನಿಧಾನ. ರಸ್ತೆ ದಾಟುವಾಗ ಆ ಕಡೆ ನೋಡಿ, ಈ ಕಡೆ ನೋಡಿ, ಸಾಲದೆಂದು ಮತ್ತೆ ಆ ಕಡೆ ನೋಡಿಯೇ ಕಾಲು ಕೆಳಗಿಡುತ್ತಿದ್ದ. ಅಂಥವನು ಹಾಡಹಗಲಲ್ಲಿ, ಮನೆಯೆದುರಿನ ರಸ್ತೆಯಲ್ಲೇ ಹಾಲಿನ ವ್ಯಾನಿಗೆ ಸಿಕ್ಕು ಸತ್ತನೆಂದರೆ ಯಾರು ನಂಬುತ್ತಾರೆ?

ಅವನ ಹೆಂಡತಿ ನಂಬಲಿಲ್ಲ. ವ್ಯಾನಿನ ಡ್ರೈವರನೇ ಅವನನ್ನು ಎತ್ತಿ ಆಸ್ಪತ್ರೆಗೆ ತಂದಿದ್ದ. ರಕ್ತ ಮೆತ್ತಿದ ಅಂಗಿಯಲ್ಲೇ ಅವಳಿಗೆ ಒಂದು ಲೋಟ ನೀರು ಹಿಡಿದು ನಿಂತಿದ್ದ. ಅವಳು ಮುಖ ತಿರುಗಿಸಿದ್ದಳು. ಆಮೇಲೆ ಠಾಣೆಯಲ್ಲಿ ಅವನು, "ಪಕ್ಕದ ಕಟ್ಟಡದಲ್ಲಿ ಕಲ್ಲು ಕುಯ್ಯೋ ಮಷೀನು ಕಿವಿ ಕಿತ್ತುಹೋಗೋ ಹಾಗೆ ಓಡ್ತಿತ್ತು ಸಾರ್, ಹಾರ್ನ್ ಕೇಳಿಸಿರಲಿಕ್ಕಿಲ್ಲ. ಆದ್ರೆ ಅವರು ನೇರವಾಗಿ ನನ್ನ ಕಡೆ ನೋಡಿದ್ರು. ನೋಡಿಯೇ ಕಾಲು ಇಟ್ರು," ಎಂದಾಗ ಅವಳ ಮೈಯೆಲ್ಲ ಉರಿದಿತ್ತು.

"ಹಾಗಾದ್ರೆ ನನ್ನ ಗಂಡನಿಗೇನು ಕಣ್ಣು ಕಾಣ್ತಿರಲಿಲ್ವಾ?" ಎಂದು ಕೇಳಿದ್ದಳು. "ಈ ಮನುಷ್ಯ ಸುಳ್ಳು ಹೇಳ್ತಿದಾನೆ ಸಾರ್, ಬರ್ಕೊಳ್ಳಿ."

ಬರೆದುಕೊಂಡರು. ಡ್ರೈವರನನ್ನು ಒಳಗೆ ಹಾಕಿದರು.

ಮನೆಯ ಮುಂದಿನ ಕೋಣೆಯಲ್ಲಿ ಅವನ ಬೈಕು ಅರೆಬಿಚ್ಚಿದಂತೆಯೇ ನಿಂತಿತ್ತು. ಚಳಿಗಾಲ ಶುರುವಾದರೆ ಬೈಕು ಮನೆಯೊಳಗೆ ಬರುವುದು ಆ ಮನೆಯಲ್ಲಿ ಮೊದಲಿನಿಂದ ನಡೆದುಬಂದದ್ದು. ನೆಲಕ್ಕೆ ಹಳೆಯ ಪೇಪರು ಹಾಸಿ, ಬ್ಯಾಟರಿ ಕಳಚಿ ಮರದ ಹಲಗೆಯ ಮೇಲಿಟ್ಟು, ಚೈನನ್ನು ಸೀಮೆಎಣ್ಣೆಯಲ್ಲಿ ನೆನೆಹಾಕಿ, ಸವೆದ ಹಲ್ಲುಜ್ಜುವ ಬ್ರಷ್ಷಿನಿಂದ ಒಂದೊಂದೇ ಕೊಂಡಿ ತಿಕ್ಕುತ್ತ ಕೂರುತ್ತಿದ್ದ. ಇಲಿ ಹೊಕ್ಕೀತೆಂದು ಸೈಲೆನ್ಸರಿನ ಬಾಯಿಗೆ ಬಟ್ಟೆ ತುರುಕುತ್ತಿದ್ದ. "ನಿಮ್ಮ ಎರಡನೇ ಹೆಂಡತಿಗೆ ಸ್ನಾನ ಆಯ್ತಾ?" ಎಂದು ಇವಳು ಮೂಗು ಮುಚ್ಚಿಕೊಂಡು ಕೇಳಿದರೆ, "ಅವಳು ನಿನ್ನ ಹಾಗಲ್ಲ, ಮಾತಾಡಲ್ಲ" ಎನ್ನುತ್ತಿದ್ದ.

ಈ ಸಲ ಹೆಡ್‌ಲೈಟಿನ ಒಂದು ನಟ್ಟು ಸವೆದಿತ್ತು. ಅದೇ ಅಳತೆಯದು ತರುತ್ತೇನೆಂದು ಅದನ್ನು ಮುಷ್ಟಿಯಲ್ಲಿ ಹಿಡಿದು ಎದುರಿನ ಅಂಗಡಿಗೆ ಹೊರಟವನು ಮರಳಲಿಲ್ಲ.

ಆ ಲೋಹದ ರಾಶಿಯನ್ನು ದಿನವೂ ಬಳಸಿಕೊಂಡು ಓಡಾಡುವುದು ಅವಳಿಂದಾಗಲಿಲ್ಲ. ಗಂಡನ ಗೆಳೆಯ ಬೈಂಡರನಿಗೆ ಹೇಳಿಕಳಿಸಿದಳು. ಪುಸ್ತಕಗಳಿಗೆ ಹೊಲಿಗೆ ಹಾಕಿ ರಟ್ಟು ಕಟ್ಟುವ ಆತನಿಗೆ ಬೈಕಿನ ಕೆಲಸವೂ ಒಂದಿಷ್ಟು ಗೊತ್ತಿತ್ತು. ಕಳೆದ ಎರಡು ವರ್ಷಗಳಿಂದ ಬೈಕು ಓಡಿಸುತ್ತಿದ್ದವನೂ ಆತನೇ. ಮೊಣಕಾಲು ನೋವೆಂದು ನಿಧಾನಿ ಹಿಂದೆ ಕೂರುತ್ತಿದ್ದ.

ಬೈಂಡರ್ ಭಾನುವಾರ ಬೆಳಿಗ್ಗೆ ಬಂದ. ಗಂಡನ ಅಕ್ಕ ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಕೂತಿದ್ದಳು. ಸಾವಿನ ದಿನದಿಂದಲೂ ಆಕೆ ಅಲ್ಲೇ ಇದ್ದಳು.

"ಜೋಡಿಸಿ ಏನ್ಮಾಡ್ತೀಯಪ್ಪ? ಯಜಮಾನನೇ ಇಲ್ಲ," ಎಂದಳು ಅಕ್ಕ.

"ಬಿಚ್ಚಿದ್ದನ್ನ ಹಾಗೇ ಬಿಟ್ರೆ ಅವನು ನನ್ನ ಸುಮ್ನೆ ಬಿಡ್ತಾನಾ ಅಕ್ಕ?"

ಚೈನು ಕೂರಿಸಿದ. ಪ್ಲಗ್ಗು ತಿರುಗಿಸಿ ಹಾಕಿದ. ನಟ್ಟು ಬೋಲ್ಟುಗಳಿದ್ದ ಡಬ್ಬಿಗಳನ್ನು ಹತ್ತಿರಕ್ಕೆಳೆದುಕೊಂಡ. ಪ್ರತಿ ಡಬ್ಬಿಯ ಮುಚ್ಚಳದ ಅಂಚಿನಲ್ಲಿ ಅರದಿಂದ ಉಜ್ಜಿದ ಗೀರುಗಳಿದ್ದವು, ಒಂದರಲ್ಲಿ ಒಂದು, ಇನ್ನೊಂದರಲ್ಲಿ ಎರಡು. "ಸೀಸದ ಕಡ್ಡೀಲಿ ಬರೆದ್ರೆ ಆಗ್ತಿರಲಿಲ್ವಾ, ಇವನ ಒಂದೊಂದು ಆಟ," ಎಂದು ನಕ್ಕ. ಅವಳೂ ಎಷ್ಟೋ ದಿನಗಳ ಮೇಲೆ ಸ್ವಲ್ಪ ನಕ್ಕಳು.

ಹೆಡ್‌ಲೈಟಿನ ಬುರುಡೆಗೆ ಕೈ ಹಾಕಿ ವೈರುಗಳ ಗೊಂಚಲನ್ನು ಹೊರಗೆಳೆದಾಗ ಆತನ ನಗು ನಿಂತಿತು. ಪ್ರತಿ ವೈರಿನ ತುದಿಗೂ ದಾರ ಸುತ್ತಿತ್ತು. ದಾರದಲ್ಲಿ ಗಂಟುಗಳು. ಕೆಂಪಿಗೆ ಒಂದು, ಹಸಿರಿಗೆ ಎರಡು, ಕಪ್ಪಿಗೆ ಮೂರು. ಅವು ಕೂಡಬೇಕಾದ ಎದುರಿನ ತುದಿಗಳಲ್ಲೂ ಅಷ್ಟಷ್ಟೇ.

"ಇದು ನನ್ನ ದಾರ," ಎಂದ. "ಮೇಣ ಹಚ್ಚಿದ್ದು. ಹಿಂದಿನ ಚಳಿಗಾಲದಲ್ಲಿ ಕೇಳಿ ಇಸ್ಕೊಂಡಿದ್ದ. ಕೇಕಿನ ಡಬ್ಬಿ ಕಟ್ಟೋಕೆ ಅಂದಿದ್ದ."

"ಗುರುತಿಗೆ ಕಟ್ಟಿರಬೇಕು ಬಿಡಿ ಅಣ್ಣ."

"ವೈರಿಗೆ ಬಣ್ಣ ಇದೆಯಲ್ಲ ತಂಗಿ. ಬಣ್ಣ ಇರೋದೇ ಗುರುತಿಗೆ. ಮತ್ತೆ ಗಂಟು ಯಾಕೆ?"

ಆತ ಕಣ್ಣು ಮುಚ್ಚಿದ. ಬೆರಳ ತುದಿಯಿಂದ ಗಂಟು ತಡವಿ ಒಂದನ್ನು ಒಂದಕ್ಕೆ, ಎರಡನ್ನು ಎರಡಕ್ಕೆ ಸೇರಿಸಿದ. ಕಣ್ಣು ತೆರೆದ. ಕೆಂಪು ಕೆಂಪಿಗೆ ಕೂಡಿತ್ತು, ಹಸಿರು ಹಸಿರಿಗೆ.



ಅವಳು ಪೇಪರಿನ ಮೇಲೆ ಆತನೆದುರು ಕೂತಳು. ತಾನು ಹೊಸದಾಗಿ ಹೆಣೆದ ನೀಲಿ ಸ್ವೆಟರನ್ನು ಅವನು ಕಂದು ಎಂದದ್ದು, ಗಂಡಸರಿಗೆ ಬಣ್ಣ ಎಲ್ಲಿ ಗೊತ್ತಾಗುತ್ತೆ ಎಂದು ತಾನು ಅಣಕಿಸಿದ್ದು ನೆನಪಾಯಿತು. ಅದಕ್ಕಿಂತ ಮೊದಲಿನ ಒಂದು ಸಂಜೆ ನೆನಪಾಯಿತು. ಇವಳು ಹಿಂದೆ ಕೂತಿದ್ದಳು. ಅವನು ತಲೆ ಓರೆ ಮಾಡಿ, "ಮುಂದೆ ಇರೋದು ಲಾರಿನಾ?" ಎಂದಿದ್ದ. ಸ್ವಲ್ಪ ದೂರ ಹೋಗಿ, "ಸಿಗ್ನಲ್ ಬಿತ್ತಾ?" ಎಂದಿದ್ದ. "ಕಣ್ಣು ಮನೇಲಿ ಬಿಟ್ಟು ಬಂದ್ರಾ?" ಎಂದು ಇವಳು ಬೆನ್ನಿಗೆ ಗುದ್ದಿದ್ದಳು. ಮಾರನೆಯ ದಿನದಿಂದಲೇ ಅಲ್ಲವೇ ಮೊಣಕಾಲು ನೋವು ಶುರುವಾದದ್ದು?

"ಪೇಪರು," ಎಂದಳು. "ದಿನಾ ಪೇಪರು ಓದಿಸ್ತಿದ್ರು ಅಣ್ಣ. ನೀನು ಓದಿದ್ರೆ ಕೇಳೋಕೆ ಚೆನ್ನ ಅಂತಿದ್ರು. ಈ ವಯಸ್ಸಲ್ಲಿ ಇವರಿಗೆ ಇದೇನು ಪ್ರೀತಿ ಬಂತು ಅಂತ ನಾನು ಪಕ್ಕದ ಮನೆಯವಳ ಹತ್ರ ಹೇಳ್ಕೊಂಡು ಬಂದಿದ್ದೆ."

ಬೈಂಡರ್ ತಲೆ ಎತ್ತಲಿಲ್ಲ. "ನನಗೂ ಗೊತ್ತಾಗಲಿಲ್ಲ ತಂಗಿ. ನನ್ನ ಹಿಂದೆ ಕೂತು ದಾರಿಯುದ್ದಕ್ಕೂ ನಿಧಾನ, ನಿಧಾನ ಅಂತಿದ್ದ. ಹಳೇ ಚಾಳಿ ಅಂದ್ಕೊಂಡೆ."

"ತಾವೇ ಓಡಿಸದೇ ಇರೋ ಬೈಕನ್ನ ಯಾಕೆ ಬಿಚ್ಚಿದ್ರು?"

"ಈ ಸಲ ಬಿಚ್ಚಲಿಲ್ಲ ಅಂದ್ರೆ ಯಾಕೆ ಅಂತ ನಾವೆಲ್ಲ ಕೇಳ್ತಿದ್ವಲ್ಲ."

ಅವಳು ಎದ್ದು ಒಳಗೆ ಹೋಗಿ ಆಸ್ಪತ್ರೆಯವರು ಕೊಟ್ಟಿದ್ದ ಕವರು ತಂದಳು. ಅದರಿಂದ ಸವೆದ ನಟ್ಟನ್ನು ತೆಗೆದು ಹೆಬ್ಬೆರಳಿನಿಂದ ಉಜ್ಜಿದಳು. ಕಣ್ಣು ಮುಚ್ಚಿದರೂ ಅಳತೆ ಕೈಗೇ ಸಿಗುತ್ತಿತ್ತು.

"ನೇರವಾಗಿ ನನ್ನ ಕಡೆ ನೋಡಿದ್ರು ಅಂದ ಆ ಮನುಷ್ಯ," ಎಂದಳು. "ನಿಜಾನೇ ಹೇಳಿದ."

ಆಗ ಅಕ್ಕ ಕುರ್ಚಿಯಿಂದ ಎದ್ದಳು. "ಏನು ನಿಜ? ಯಾವ ಡಾಕ್ಟರ್ ಹೇಳಿದ ನಿಂಗೆ? ನಾಲ್ಕು ಗಂಟು ನೋಡಿ ನನ್ನ ತಮ್ಮನ್ನ ಕುರುಡ ಮಾಡ್ತೀಯಾ? ಒಂದು ಜೀವ ಹೋಗಿದೆ ಕಣೆ. ಯಾರಾದ್ರೂ ಉತ್ತರ ಕೊಡಬೇಕಲ್ಲ."

"ಕೊಡಬೇಕು ಅಕ್ಕ. ಆ ಡ್ರೈವರ್ ಯಾಕೆ ಕೊಡಬೇಕು?"

"ಜನ ಏನಂತಾರೆ ಗೊತ್ತಾ? ಜೊತೇಲಿ ಇದ್ದೋಳಿಗೇ ಗೊತ್ತಾಗಲಿಲ್ವಾ ಅಂತಾರೆ."

ಆ ಮಾತು ನಾಟಿತು. ಬೈಂಡರ್ ಸದ್ದಿಲ್ಲದೆ ವೈರುಗಳನ್ನು ಬುರುಡೆಯೊಳಗೆ ಮಡಚಿಟ್ಟು, ಗಾಜು ಕೂರಿಸಿ, ನಟ್ಟಿಗಾಗಿ ಕೈ ಚಾಚಿದ.

ಅವಳು ಕೊಡಲಿಲ್ಲ.

"ಮುಚ್ಚಬೇಡಿ ಅಣ್ಣ. ಹಾಗೇ ಇರಲಿ. ಠಾಣೆಯವರು ಬಂದು ನೋಡ್ಲಿ."

ಅವಳು ಚಪ್ಪಲಿ ಮೆಟ್ಟಿದಳು. ಅಕ್ಕ ಬಾಗಿಲಿನಿಂದ ಸರಿಯಲಿಲ್ಲ. ಅವಳು ಪಕ್ಕದಲ್ಲೇ ನುಸುಳಿಕೊಂಡು ಹೊರಟಳು. ಬೈಂಡರ್ ಗ್ರೀಸು ಮೆತ್ತಿದ ಕೈಯಲ್ಲೇ ಹಿಂದೆ ಓಡಿದ.

ಠಾಣೆಯಲ್ಲಿ ಅಂದು ಬರೆದುಕೊಂಡಿದ್ದ ಪೇದೆಯೇ ಕೂತಿದ್ದ. ಅವಳು ಹೇಳುತ್ತ ಹೋದಳು. ಗಂಟು, ಸ್ವೆಟರು, ಲಾರಿ, ಎಲ್ಲ ಹಿಂದುಮುಂದಾಗಿ ಬಂತು. ತಾನು ಆ ದಿನ ಬರೆಸಿದ್ದು ತಪ್ಪು, ಅದನ್ನು ಹೊಡೆದುಹಾಕಬೇಕು ಎಂದಳು. ಪೇದೆ ಬರೆಯುತ್ತಿದ್ದ ಕೈ ನಿಲ್ಲಿಸಿ ಅವಳನ್ನೇ ನೋಡಿದ.

"ಒಂದೇ ಮನೇಲಿ ಇದ್ದು ನಿಮಗೆ ಗೊತ್ತಾಗಲಿಲ್ವೇನಮ್ಮ?"

ಮುಷ್ಟಿಯಲ್ಲಿ ನಟ್ಟು ಒತ್ತುತ್ತಿತ್ತು. ಒಳಗಿನ ಕಂಬಿಯ ಹಿಂದೆ ಡ್ರೈವರ್ ಎದ್ದು ನಿಂತದ್ದು ಅವಳಿಗೆ ಕಂಡಿತು.

"ಇಲ್ಲ," ಎಂದಳು. "ದಿನಾ ಪೇಪರು ಓದಿ ಹೇಳ್ತಿದ್ದೆ. ಗೊತ್ತಾಗಲಿಲ್ಲ. ಅದನ್ನೂ ಬರ್ಕೊಳ್ಳಿ."